ಬೆರಳಗಲದ ಕಿಟಕಿಗಳು

ಅಂದು ಬೆಳಿಗ್ಗೆ ನಮ್ಮ ಮನೆಯವರು ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದು, ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಕಟ್ಟೆಯ ಮೇಲಿದ್ದ ಮನೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಮನೆ ಎಂದರೆ ದೊಡ್ಡದನ್ನು ಎಣಿಸಬೇಡಿ. ರೊಟ್ಟಿಬುಟ್ಟಿಯಲ್ಲಿ ಹಿಡಿಸುವಂಥ ರಟ್ಟಿನ ಮನೆ. ಮೇಲೆ ನಮ್ಮ ಕಡೆಯ ಮಣ್ಣಿನ ಮಾಳಿಗೆ, ಮುಂದೆ ಕಟ್ಟೆ, ಗೋಡೆಗೆ ಸುಣ್ಣ. ಮುಂದಿನ ಗೋಡೆಯ ಕಿಟಕಿಗೆ ಗಾಜು ಕೂತಿತ್ತು. ಹಿಂದಿನ ಗೋಡೆಯ ಕಿಟಕಿ ಇನ್ನೂ ಬರೀ ತೂತು. ಅವರು ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಮುಂದಿನ ಕಿಟಕಿಗೆ ಹಚ್ಚಿ ಕೂಗಿದರು.

"ಸುಮಿ ಅವ್ವಾ, ಕಾಣ್ತೇನೇನ?"

ನಾನು ಹಿಟ್ಟಿನ ಕೈಯಲ್ಲೇ ಬಂದು ಹಿಂದಿನ ಕಡೆಯಿಂದ ಬಾಗಿ ನೋಡಿದೆ. "ಕಾಣ್ತೀರಿ. ಕಣ್ಣಾಗ ಪಿಚ್ಚು ಐತಿ, ಒರಸ್ಕೋರಿ."

"ಪಿಚ್ಚು ಕಂಡಿತಂದ್ರ ಗಾಜು ಸ್ವಚ್ಛ ಐತಿ ಅಂದಂಗಾತು!" ಎಂದು ತಮ್ಮ ಕೆಲಸವನ್ನು ತಾವೇ ಪಾಸು ಮಾಡಿಕೊಂಡು ಎದ್ದರು. ಎದ್ದವರು ಹಿಂದಿನ ತೂತನ್ನು ಬೆರಳಿನಿಂದ ಮುಟ್ಟಿ, "ಇದಕ್ಕ ಹಾಳಿ ಮುಗದೈತಿ. ಇವತ್ತ ಇಂಡಿ ಡ್ಯೂಟಿ. ಯಾರದರ ಒಂದು ಮೊಣಕಾಲ ಸಿಗತೈತಿ ಬಿಡು. ಹೋಗಿ ಬರ್ತೇನಿ" ಎಂದರು.

ಮಧ್ಯಾಹ್ನ ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾದ ಕಪ್ಪು ಕೆಳಗಿಟ್ಟವರು ತಲೆ ಎತ್ತಲಿಲ್ಲ. ಎದೆ ನಿಂತಿತು ಎಂದರು.

ಇದನ್ನು ಮೊದಲೇ ಹೇಳಿ ಮುಗಿಸಿದೆ. ಏಕೆಂದರೆ ನಾನು ಹೇಳಲು ಕುಳಿತಿರುವುದು ಸಾವಿನ ವಿಷಯವಲ್ಲ, ಕಿಟಕಿಯ ವಿಷಯ. ಆಗ ನಮ್ಮ ಸಿಂದಗಿಯ ಮನೆಗೆ ಬಂದವರೆಲ್ಲ ಚಾಪೆಯ ಮೇಲೆ ಕೂತು ಸಾವಿನ ಮಾತನ್ನೇ ಆಡಿ ಎದ್ದುಹೋದರು. ಕಟ್ಟೆಯ ಮೇಲೆ ಅರ್ಧ ಮನೆ ಕಣ್ಣೆದುರಿಗೇ ಇತ್ತು. ಇದರ ಕಿಟಕಿಗೆ ಗಾಜು ಯಾವಾಗ ಹಾಕುತ್ತೀ ಎಂದು ಒಬ್ಬರೂ ಕೇಳಲಿಲ್ಲ.

ಮೊಣಕಾಲಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ನಮ್ಮನ್ನು ಏನೆಂದುಕೊಳ್ಳುತ್ತೀರೋ. ನಮ್ಮ ಮನೆಯವರು ಸರಕಾರಿ ಬಸ್ಸಿನ ಕಂಡಕ್ಟರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕು ತಾಲೂಕಿನ ಧೂಳನ್ನೆಲ್ಲ ಅಂಗಿಯ ಕಾಲರಿನಲ್ಲಿ ಮನೆಗೆ ತರುವುದು ಅವರ ಕೆಲಸ, ಅದನ್ನು ತಿಕ್ಕಿ ತೆಗೆಯುವುದು ನನ್ನ ಕೆಲಸ. ವಿಜಾಪುರದ ದವಾಖಾನೆಗೆ ಹೋಗಿ ಬರುವ ಮಂದಿಯ ಕಂಕುಳಲ್ಲಿ ಆಗ ಒಂದು ಉದ್ದನೆಯ ಕಂದು ಲಕೋಟೆ ಇರುತ್ತಿತ್ತು. ಎಕ್ಸರೇ. ನೋವು ಹೋದರೂ ಅದು ಹೋಗುತ್ತಿರಲಿಲ್ಲ. ಒಮ್ಮೆ ಇಂಡಿಯ ಕಡೆಯ ಮುದುಕರೊಬ್ಬರು, "ಕಂಡಕ್ಟರ್ ಸಾಹೇಬ್ರ, ಕಾಲು ನೆಟ್ಟಗಾತು, ಈ ಫೋಟೋ ತಗೊಂಡ್ ಏನ್ ಮಾಡ್ಲಿ? ಗ್ವಾಡಿಗಿ ಹಾಕಿದ್ರ ಮೊಮ್ಮಕ್ಳು ಅಂಜತಾವ" ಎಂದು ತಮ್ಮ ಮೊಣಕಾಲನ್ನು ಇವರ ಕೈಗೆ ಕೊಟ್ಟು ಇಳಿದುಹೋದರಂತೆ. ಅಲ್ಲಿಂದ ಶುರು. ಆ ಹಾಳೆಯನ್ನು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿದರೆ ಕಪ್ಪೆಲ್ಲ ಲೋಳೆಯಾಗಿ ಜಾರಿ, ಒಳಗಿಂದ ತೆಳ್ಳನೆಯ, ಇದೆಯೋ ಇಲ್ಲವೋ ಎನ್ನುವಷ್ಟು ನೀಲಿಯ, ಸ್ವಚ್ಛ ಹಾಳೆ ಹೊರಬರುತ್ತದೆ. ಸಣ್ಣ ಮನೆಯ ಕಿಟಕಿಗೆ ಅದಕ್ಕಿಂತ ಒಳ್ಳೆಯ ಗಾಜು ನಾನು ಇಂದಿಗೂ ಕಂಡಿಲ್ಲ. ನಿಜವಾದ ಗಾಜು ದಪ್ಪ, ರಟ್ಟಿನ ಗೋಡೆಗೆ ಭಾರ. ಅಂಗಡಿಯ ಪ್ಲಾಸ್ಟಿಕ್ ಹಾಳೆ ಸುಕ್ಕು. ಇದು ನೆಟ್ಟಗೆ ನಿಲ್ಲುತ್ತದೆ, ಓರೆಯಾಗಿ ನೋಡಿದರೆ ಮಿಂಚುತ್ತದೆ, ನೇರ ನೋಡಿದರೆ ಇಲ್ಲವೇ ಇಲ್ಲ ಎನಿಸುತ್ತದೆ. ಹೀಗೆ ಮುದ್ದೇಬಿಹಾಳದ ಎದೆ, ಬಾಗೇವಾಡಿಯ ಸೊಂಟ, ಮೋರಟಗಿಯ ಮುರಿದ ಮುಂಗೈ ಎಲ್ಲ ನಮ್ಮ ಬಚ್ಚಲಿನಲ್ಲಿ ಮಿಂದು, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಲಂಗದ ಪಕ್ಕದಲ್ಲಿ ಒಣಗಿ, ಕಿಟಕಿಗಳಾದವು.

ಗಾಜಿನ ಹುಚ್ಚು ನನಗೆ ಅವರಿಂದ ಬಂದದ್ದೆಂದು ಎಲ್ಲರೂ ತಿಳಿದಿದ್ದಾರೆ. ತಪ್ಪು. ನಾನು ಹುಟ್ಟಿದ್ದು ಯಂಕಂಚಿಯಲ್ಲಿ. ಜೋಳದ ಕಣಿಕೆಯ ಬಣವೆ ಹಿತ್ತಲಿಗೆ ಬಂದಿತೆಂದರೆ ನಮಗೆಲ್ಲ ಚಷ್ಮಾ ಬಂದಂತೆ. ಕಣಿಕೆಯ ಸಿಪ್ಪೆ ಸುಲಿದು ಬಗ್ಗಿಸಿ, ಒಳಗಿನ ಬೆಂಡಿಗೆ ಚುಚ್ಚಿ, ಕಿವಿಗೆ ಸಿಕ್ಕಿಸಿಕೊಂಡು, ಸಾಲಿ ಮಾಸ್ತರರ ಹಾಗೆ ಕೆಮ್ಮುತ್ತ ಓಡಾಡುತ್ತಿದ್ದೆವು. ಯಾರ ಚಷ್ಮಕ್ಕೂ ಗಾಜಿರುತ್ತಿರಲಿಲ್ಲ. ನಾನು ಮಾತ್ರ ಪೆಪ್ಪರಮೆಂಟಿನ ಕೆಂಪು ಹಾಳೆಯನ್ನು ನೆಕ್ಕಿ ನೆಕ್ಕಿ ಸ್ವಚ್ಛ ಮಾಡಿ ನನ್ನದಕ್ಕೆ ಅಂಟಿಸಿಕೊಂಡೆ. ಇಡೀ ಯಂಕಂಚಿ ಕೆಂಪಗೆ ಕಂಡಿತು. ನಮ್ಮ ಎಮ್ಮೆಯೂ ಕೆಂಪಗೆ ಕಂಡಿತು. ಇರುವೆಗಳಿಗೆ ಆ ಹಾಳೆಯ ಸುದ್ದಿ ಹೇಗೆ ಮುಟ್ಟಿತೋ, ಮಧ್ಯಾಹ್ನದ ಹೊತ್ತಿಗೆ ಎರಡೂ ರೆಪ್ಪೆ ಬಾತು ಚಷ್ಮಾ ಬೇಕಾಗಿಯೇ ಇರಲಿಲ್ಲ, ಯಾವ ಬಣ್ಣವೂ ಕಾಣುತ್ತಿರಲಿಲ್ಲ. ನಮ್ಮವ್ವ ಕಣ್ಣಿಗೆ ತಣ್ಣೀರಿನ ಅರಿವೆ ಹಾಕುತ್ತ, "ಗಾಜಿಲ್ಲದ ಚಷ್ಮಾ ಹಾಕ್ಕೊಂಡವ್ರ ಕಣ್ಣು ನೆಟ್ಟಗದಾವ, ಶಾಣ್ಯಾಕಿ ಕಣ್ಣು ನೋಡ್ರಿ" ಎಂದಳು. ಏಳನೆಯ ಇಯತ್ತೆಗೆ ನನ್ನ ಸಾಲಿ ಮುಗಿಯಿತು. ಗಾಜಿನ ಚಟ ಉಳಿಯಿತು.

ಈ ಸಣ್ಣ ಮನೆಗಳನ್ನು ನಾವು ಏತಕ್ಕೆ ಮಾಡುತ್ತಿದ್ದೆವು ಎಂದು ಕೇಳುತ್ತೀರಲ್ಲ. ರುಖವತಕ್ಕೆ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಮನೆಯವರು ಕೈಯಿಂದ ಮಾಡಿದ್ದನ್ನೆಲ್ಲ ಮೇಜಿನ ಮೇಲೆ ಹೊಂದಿಸಿ ಬೀಗರಿಗೆ ತೋರಿಸುತ್ತಾರೆ. ಚಕ್ಕುಲಿಯ ಗೋಪುರ, ಉಣ್ಣೆಯ ಗಿಳಿ, ಥರ್ಮಾಕೋಲಿನ ಹಂಸ, ಮಣಿಯ ತೋರಣ. ಅದರ ನಡುವೆ ಒಂದು ಮನೆ ಇರಲೇಬೇಕು. ಉಳಿದವರ ಮನೆಗಳಿಗೆ ಕಿಟಕಿ ಎಂದರೆ ನೀಲಿ ಬಣ್ಣದ ಹಾಳೆಯ ಚೌಕ. ಕೆಲವರು ಪೆನ್ನಿನಿಂದ ಸರಳು ಗೀಚಿಬಿಡುತ್ತಿದ್ದರು. ಅಂಥ ಮನೆ ಕಂಡರೆ ನಮ್ಮವರು ಮುಖ ಸಿಂಡರಿಸಿ, "ಕುರುಡ ಮನಿ" ಎನ್ನುತ್ತಿದ್ದರು. ಮೆಲ್ಲಗೆ ಅಲ್ಲ, ಆ ಹೆಣ್ಣಿನ ಸೋದರಮಾವನಿಗೆ ಕೇಳಿಸುವಂತೆ. ನಾನು ಅವರ ಅಂಗಿ ಜಗ್ಗಿ ಹೊರಗೆ ಕರೆತರುತ್ತಿದ್ದೆ.

ನಮ್ಮ ಕೆಲಸದಲ್ಲಿ ಅರ್ಧ ಸಾಮಾನು ಹೊಲದ್ದು. ಕಿಟಕಿಯ ಸರಳು ಜೋಳದ ಕಣಿಕೆಯ ಸಿಪ್ಪೆ. ಹಾಳೆ ಹಿಡಿಯಲು ಕಾಲಿನ ಮುಳ್ಳು ತೆಗೆಯುವ ಚಿಮಟ, ಬೆರಳು ತಾಗಿದರೆ ಗಾಜಿನ ಮೇಲೆ ಗುರುತು ಬೀಳುತ್ತದೆ. ಕತ್ತರಿ ಆಡಿಸಿದರೆ ಅಂಚು ಬೆಳ್ಳಗಾಗುತ್ತದೆ, ಹಾಗಾಗಿ ಬ್ಲೇಡಿನಿಂದ ಒಂದೇ ಎಳೆತ. ಒರೆಸಲು ಮಾವನವರ ಹಳೆಯ ಧೋತರದ ತುಂಡು. ಅಂಟಿನ ಕಥೆ ಬೇರೆಯೇ ಇದೆ. ಮೊದಲು ನಾವು ಬೆರಳಿಗೆ ಬೆರಳು ಅಂಟಿಸಿಬಿಡುವ ಆ ಸಣ್ಣ ಟ್ಯೂಬಿನ ಅಂಟು ಹಚ್ಚಿದೆವು. ಧೂಳು ಕೂರದಿರಲಿ ಎಂದು ಮನೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆವು. ಮದುವೆಯ ದಿನ ತೆಗೆದರೆ ಎಲ್ಲ ಕಿಟಕಿಯೂ ಬೆಳ್ಳಗೆ. ಆ ಅಂಟಿನ ಹಬೆ ಮುಚ್ಚಿದ ಟ್ರಂಕಿನೊಳಗೆ ಗಾಜಿಗೆ ಬಡಿದು ಕೂತಿತ್ತು. "ಮನಿಗಿ ಕಣ್ಣಪೊರಿ ಬಂದೈತಲ್ಲೇ" ಎಂದು ಇವರು ತಲೆಯ ಮೇಲೆ ಕೈ ಹೊತ್ತರು. ಬೀಗರು ಬಂದು ಇದೇನ್ರಿ ಎಂದಾಗ ಇವರು ಕಂಡಕ್ಟರ್ ದನಿಯಲ್ಲಿ, "ಒಳಗ ಹೊಸ ಸೊಸಿ ಒಲಿ ಹಚ್ಯಾಳ್ರಿ, ಹೊಗಿ ತುಂಬೈತಿ. ಹೊರಗ ಕುಂದರ್ರಿ, ಚಾ ಬರ್ತೈತಿ" ಎಂದರು. ಬೀಗರು ನಕ್ಕರು. ಅಂದಿನಿಂದ ಜಾಲಿಗಿಡದ ಅಂಟೇ ಗತಿ. ನೀರಿನಲ್ಲಿ ಕರಗಿಸಿ, ಜಾಲಿಯ ಮುಳ್ಳಿನ ತುದಿಯಿಂದಲೇ ಹಚ್ಚುವುದು. ನಿಧಾನ ಒಣಗುತ್ತದೆ, ಆದರೆ ಗಾಜಿನ ಕಣ್ಣು ಕೆಡಿಸುವುದಿಲ್ಲ.

ನಮ್ಮಿಬ್ಬರಿಗೂ ಒಂದೇ ಒಂದು ವಿಷಯದಲ್ಲಿ ಕಡೆಯವರೆಗೂ ಹೊಂದಲಿಲ್ಲ. ನಾನು ಹಳೆಯ ಕುಪ್ಪಸದ ಚೂರುಗಳಿಂದ ಅಂಗೈಗಿಂತ ಸಣ್ಣ ಕೌದಿ ಹೊಲಿದು, ಮಡಿಚಿ, ಆ ಮನೆಯೊಳಗಿನ ಹೊರಸಿನ ಮೇಲೆ ಇಡುತ್ತಿದ್ದೆ. ಇವರು ಒಳಗಿನ ಗೋಡೆಗೆ ಕಡು ಹಸಿರು ಬಳಿದು ನನ್ನ ಕೌದಿ ಕಾಣದ ಹಾಗೆ ಮಾಡುತ್ತಿದ್ದರು.

"ಹಗಲಿನಾಗ ಹೊರಗ ನಿಂತು ಯಾವ ಮನಿ ಕಿಡಕಿ ನೋಡಿದ್ರೂ ಒಳಗ ಕತ್ತಲಿ ಇರ್ತೈತಿ. ಎಲ್ಲಾ ಫಳಫಳ ಕಂಡ್ರ ಅದು ಮನಿ ಅಲ್ಲ, ಮಿಠಾಯಿ ಅಂಗಡಿ."

"ಮತ್ತ ನಾ ಹೊಲಿದ ಕೌದಿ ಯಾರು ನೋಡಬೇಕ್ರಿ? ಇರಿವಿ?"

"ನೋಡೂ ಮನಸಿದ್ದವ ಕಿಡಕಿಗಿ ಕಣ್ಣು ಹಚ್ಚತಾನ. ಅಂವಗ ಕಾಣತೈತಿ."

ಕೊನೆಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಕೊರೆದು ಅದಕ್ಕೂ ಒಂದು ತುಂಡು ಗಾಜು ಹಾಕಿಕೊಟ್ಟರು. ಮೇಲಿಂದ ಬಿದ್ದ ಬೆಳಕಿನಲ್ಲಿ ಕೌದಿಯ ಒಂದು ಮೂಲೆ ಕಾಣುತ್ತಿತ್ತು. ಗೆದ್ದೆ ಎಂದು ನಾನು ಅಂದುಕೊಂಡೆ, ಗೆದ್ದೆ ಎಂದು ಅವರೂ ಅಂದುಕೊಂಡಿರಬೇಕು. ಆದರೆ ಕತ್ತಲೆಯ ಮಾತು ಅವರದೇ ಖರೆ ಎಂದು ತಿಳಿದದ್ದು ಬಾಗೇವಾಡಿ ಕಡೆಯ ಒಂದು ಮದುವೆಯಲ್ಲಿ. ಆ ಮಂದಿಯ ಊರು ಹಿನ್ನೀರಿನಲ್ಲಿ ಹೋಗಿತ್ತು. ಮುಳುಗಿದ ಮನೆಯ ಹಾಗೆಯೇ ಮಾಡಿಕೊಡಿ ಎಂದು ಕೇಳಿದ್ದರು. ಆ ಮನೆಯ ಅಜ್ಜಿ ರುಖವತದ ಮುಂದೆ ಬಾಗಿದಳು, ಕಿಟಕಿಗೆ ಕಣ್ಣಿಟ್ಟಳು, ಬಹಳ ಹೊತ್ತು ಏಳಲಿಲ್ಲ. ಆಮೇಲೆ, "ಒಳಗ ಕತ್ತಲಿ ಐತಿ. ಹೌದು, ಇದು ನಮ್ಮನಿನ" ಎಂದಳು. ನಮ್ಮವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಗುತ್ತಿದ್ದರು, ಆ ಅಜ್ಜಿಯ ಮುಂದೆ ನಗಬಾರದೆಂದು ಗೊತ್ತಿತ್ತು ಅವರಿಗೆ.

ಕಿಟಕಿ ಪಾಸೋ ನಪಾಸೋ ಎಂದು ನೋಡಲು ಎರಡು ಆಳು ಬೇಕು. ಮುಂದಿನ ಕಿಟಕಿಗೆ ಒಬ್ಬರ ಕಣ್ಣು, ಹಿಂದಿನ ಕಿಟಕಿಗೆ ಇನ್ನೊಬ್ಬರದು. ಎರಡು ಗಾಜು ದಾಟಿ, ನಡುವಿನ ಕತ್ತಲೆ ದಾಟಿ, ಆಚೆಯ ಕಣ್ಣು ಕಂಡರೆ ಗಾಜು ಸ್ವಚ್ಛ. "ಕಾಣ್ತೇನೇನ?" "ಕಾಣ್ತೀರಿ." ಮದುವೆಯಾದ ಹೊಸದರಲ್ಲಿ ಅತ್ತೆಮಾವನವರ ಮುಂದೆ ಗಂಡನ ಮುಖವನ್ನು ನೆಟ್ಟಗೆ ನೋಡಲು ನನಗೆ ನಾಚಿಕೆ. ನಾನು ಅವರ ಕಣ್ಣನ್ನು ಮೊದಲ ಸಲ ಮನಸ್ಸು ತುಂಬ ನೋಡಿದ್ದು ಇಂಥ ಒಂದು ಬೆರಳಗಲದ ಕಿಟಕಿಯಿಂದಲೇ. ಜೇನಿನ ಬಣ್ಣದ ಕಣ್ಣು. ಹಗಲಿನಲ್ಲಿ ಯಾರಿಗೂ ಗೊತ್ತಾಗದಂತೆ ನೋಡಬಹುದಾಗಿತ್ತು, ಕೆಲಸದ ನೆಪವೂ ಇತ್ತು.

ಕಟ್ಟೆಯ ಮೇಲೆ ಅರ್ಧಕ್ಕೆ ನಿಂತ ಆ ಮನೆ ನಮ್ಮ ಮಗಳು ಸುಮಿಯದು. ಅವಳನ್ನು ಮುದ್ದೇಬಿಹಾಳಕ್ಕೆ ಕೊಡುವುದೆಂದು ಇವರಿದ್ದಾಗಲೇ ಮಾತಾಗಿತ್ತು. ಊರವರ ಮನೆಗೆಲ್ಲ ಕಿಟಕಿ ಹಾಕಿದ ಮನುಷ್ಯ, ಮಗಳ ಮನೆಗೆ ಒಂದು ಹಾಕಿ ಹೋದರು. ವರ್ಷದೊಳಗೆ ಮದುವೆ ಮುಗಿಸಿಬಿಡಬೇಕೆಂದು ಹಿರಿಯರು ಹೇಳಿದರು. ಹಿರಿಯರೆಂದರೆ ಗೌರಕ್ಕ. ನಮ್ಮವರ ಅಕ್ಕ. ಆಲಮೇಲದಿಂದ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮದುವೆಯನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು. ಕೆಟ್ಟವರಲ್ಲ. ತಮ್ಮನ ಸುದ್ದಿ ಕೇಳಿದ ದಿನ ಬಸ್ಸಿನಿಂದ ಇಳಿಯುವಾಗ ಬಿದ್ದು ಹಲ್ಲು ಮುರಿದುಕೊಂಡವರು.

ಅವರು ಮನೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿ, "ಇದನ್ನ ಅಟ್ಟದ ಮ್ಯಾಲ ಇಡು. ರುಖವತಕ್ಕ ನಾ ಪ್ಯಾಟ್ಯಾಗಿಂದ ಒಂದು ತರಸ್ತೇನಿ" ಎಂದರು.

"ಯಾಕ್ರಿ ಗೌರಕ್ಕ? ಗ್ವಾಡಿ, ಮಾಳಿಗಿ ಎಲ್ಲಾ ಆಗೈತಿ. ಒಂದು ಕಿಡಕಿ ಅಷ್ಟ ಉಳದೈತಿ."

"ಉಳದಿದ್ದ ಕೆಲಸಕ್ಕ ನಿನ್ನ ಕೈ ಹತ್ತತೈತಲ್ಲ? ಮುತ್ತೈದಿ ಮುಟ್ಟೂ ಸಾಮಾನು ಅದು. ಮಗಳ ಸಂಸಾರದ ವಿಚಾರ ಮಾಡು."

ನನ್ನ ಕೈಯನ್ನು ನಾನು ನೋಡಿಕೊಂಡೆ. ಅದೇ ಕೈ. ಬಳೆ ಇರಲಿಲ್ಲ, ಅಷ್ಟೇ. ಬಳೆ ಇದ್ದಾಗ ಕಿಟಕಿ ಹಚ್ಚಲು ಅಡ್ಡವಾಗುತ್ತದೆಂದು ಅವನ್ನು ಮೊಣಕೈಗೆ ಏರಿಸಿಕೊಳ್ಳುತ್ತಿದ್ದೆ. ಈಗ ಆ ಕಷ್ಟವೂ ಇಲ್ಲ.

ಅದೇ ದಿನ ಗೌರಕ್ಕ ಟ್ರಂಕನ್ನು ತೆಗೆದು ಸತ್ತವರ ಸಾಮಾನು ಬೇರೆ ಮಾಡತೊಡಗಿದರು. ಕೊಡುವುದು ಒಂದು ಕಡೆ, ಸುಡುವುದು ಒಂದು ಕಡೆ. ಸುಡುವ ಗಂಟಿನ ಮೇಲೆ ಒಂದು ಕಂದು ಲಕೋಟೆ ಬಿತ್ತು. ಹಿಂದಿನ ಚಳಿಗಾಲದಲ್ಲಿ ಇವರಿಗೆ ಕೆಮ್ಮು ಬಿಡದೆ ಇದ್ದಾಗ ತೆಗೆಸಿದ ಎಕ್ಸರೇ. ಧೂಳಿನ ಕೆಮ್ಮು ಎಂದು ಹೇಳಿ ಕಳಿಸಿದ್ದರು. ನಾನು ಅದನ್ನು ಎತ್ತಿಕೊಂಡು ಬಾಗಿಲಿನ ಬೆಳಕಿಗೆ ಹಿಡಿದೆ. ಪಕ್ಕೆಲುಬುಗಳು ಜಂತಿ ಹಾಕಿದ ಮಾಳಿಗೆಯ ಹಾಗೆ ಇದ್ದವು. ಎಡಗಡೆ ಬೆಳ್ಳಗೆ, ಮುಷ್ಟಿಯಷ್ಟು, ಹೃದಯ. ಅದು ನಡೆಯುತ್ತಿದ್ದಾಗಿನ ಚಿತ್ರ.

"ಸತ್ತವ್ರ ದವಾಖಾನಿ ಹಾಳಿ ಮನ್ಯಾಗ ಇಡಬಾರ್ದು, ಸುಡೂದು ಐತಿ, ಕೊಡಿಲ್ಲಿ" ಎಂದರು ಗೌರಕ್ಕ.

"ಸುಡೂದಿಲ್ರಿ. ತೊಳಿತೇನಿ."

ಸುಮಿ ಒಳಗಿನಿಂದ ಓಡಿಬಂದಳು. "ಅವ್ವಾ, ಬ್ಯಾಡ. ಅದು ಅಪ್ಪಂದು. ತೊಳದ್ರ ಅಪ್ಪ ಹೋಗ್ತಾನ." ಇಟ್ಟುಕೊಳ್ಳೋಣ, ಫೋಟೋ ಹಾಗೆ ಇಟ್ಟುಕೊಳ್ಳೋಣ ಎಂದು ಅತ್ತಳು. ಒಬ್ಬರಿಗೆ ಸುಡಬೇಕು, ಒಬ್ಬರಿಗೆ ಪೂಜಿಸಬೇಕು. ನಮ್ಮ ಮನೆಯವರಿಗೆ ಏನು ಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಅವರಿಗೆ ಹಿಂದಿನ ಕಿಟಕಿಗೆ ಹಾಳೆ ಬೇಕಾಗಿತ್ತು.

"ನಿಮ್ಮಪ್ಪ ಎಲುಬು ಅಲ್ಲವ್ವಾ. ಊರಮಂದಿ ಮೊಣಕಾಲು ತಂದು ಮಂದಿ ಮಕ್ಳ ಮನಿಗಿ ಬೆಳಕ ಮಾಡಿದಾಂವ. ತನ್ನ ಮಗಳಿಗಿ ತನ್ನದನ್ನ ಕೊಡಬಾರ್ದೇನ?" ಎಂದೆ. ನನ್ನ ದನಿ ನಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ಸುಮಿ ಅಳು ನಿಲ್ಲಿಸಿ ಒಲೆಯ ಮೇಲೆ ನೀರಿಟ್ಟಳು.

ಹಿತ್ತಲಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಹಾಳೆ ನೀರಿನಲ್ಲಿ ಮುಳುಗಿತು. ಮೊದಲು ಅಂಚು ಬಿಟ್ಟಿತು, ಆಮೇಲೆ ಭುಜ, ಆಮೇಲೆ ಪಕ್ಕೆ. ಹೃದಯ ಇದ್ದ ಜಾಗವನ್ನು ಧೋತರದ ತುಂಡಿನಿಂದ ಒರೆಸಿದೆ. ಓಣಿಯ ಹೆಂಗಸೊಬ್ಬಳು ಗೋಡೆಯಾಚೆಯಿಂದ ಇಣುಕಿ, ಆ ನೀರನ್ನು ಬಚ್ಚಲಿಗೆ ಚೆಲ್ಲಬಾರದು, ಭೀಮಾ ನದಿಗೆ ಬಿಡಬೇಕು ಎಂದಳು. ನಾನು ಅವಳ ಮುಂದೆಯೇ ಬಚ್ಚಲಿಗೆ ಚೆಲ್ಲಿದೆ. ಹೋದದ್ದು ಕಪ್ಪು. ಉಳಿದದ್ದು ನನ್ನ ಕೈಯಲ್ಲಿತ್ತು, ತೆಳ್ಳಗೆ, ಸ್ವಚ್ಛವಾಗಿ, ಸ್ವಲ್ಪ ನೀಲಿ. ಕಿಟಕಿಗೆ ಬೇಕಾದಷ್ಟು ಎದೆಯ ನಡುವಿನಿಂದಲೇ ಕತ್ತರಿಸಿದೆ.

ಮದುವೆ ಗಂಡಿನವರ ಊರಿನಲ್ಲಿ. ನಮ್ಮ ಮಂದಿಗೆಲ್ಲ ಟೆಂಪೋ ಹೇಳಿಯಾಗಿತ್ತು. ಮನೆ ಎತ್ತಿಕೊಂಡು ಹೋದರೆ ಗೌರಕ್ಕ, "ಟೆಂಪೋದಾಗ ಅದಕ್ಕ ಜಾಗ ಇಲ್ಲ" ಎಂದರು. ಚಕ್ಕುಲಿಯ ಗೋಪುರಕ್ಕೆ ಜಾಗವಿತ್ತು, ಪೇಟೆಯಿಂದ ತಂದ ಕುರುಡು ಮನೆಗೂ ಜಾಗವಿತ್ತು. "ಹಂಗಾರ ನನಗೂ ಇಲ್ಲ ಬಿಡ್ರಿ" ಎಂದು ನಾನು ಸರಕಾರಿ ಬಸ್ಸು ಹತ್ತಿದೆ. ಮಗಳ ಮದುವೆಗೆ ತಾಯಿ ಟಿಕೀಟು ತೆಗೆದುಕೊಂಡು ಹೋದದ್ದು ನಮ್ಮ ಬಳಗದಲ್ಲಿ ನಾನೇ ಮೊದಲಿರಬೇಕು. ಕಂಡಕ್ಟರು ಇವರ ಜೊತೆ ಕೆಲಸ ಮಾಡಿದವರು, ನನ್ನನ್ನು ಅತ್ತಿಗೆ ಎಂಬ ಸಲುಗೆಯಲ್ಲಿ ವೈನಿ ಎಂದೇ ಕರೆಯುವವರು. ತೊಡೆಯ ಮೇಲಿನ ಮನೆ ನೋಡಿದರು.

"ಇದಕ್ಕೂ ಟಿಕೀಟ್ ತಗೀಬೇಕೇನ್ರಿ?" ಎಂದೆ.

"ಮನಿಗಿ ಎಲ್ಲೀದು ಟಿಕೀಟ್ರಿ ವೈನಿ. ಕಿಡಕಿ ಕಡೆ ಕುಂದರ್ರಿ, ಗಾಳಿ ಆಡ್ಲಿ" ಎಂದವರು ಮುಂದೆ ಹೋಗಿ ಬಹಳ ಹೊತ್ತು ತಿರುಗಿ ನೋಡಲಿಲ್ಲ.

ಮಂಟಪದಲ್ಲಿ ರುಖವತದ ಮೇಜು ತುಂಬಿತ್ತು. ನಾನು ಮನೆಯನ್ನು ಇಟ್ಟು ಕೈ ತೊಳೆದು ಬರುವಷ್ಟರಲ್ಲಿ ಅದು ಮೇಜಿನ ಕೆಳಗೆ, ಬಾಳೆಎಲೆಯ ಕಟ್ಟಿನ ಪಕ್ಕ ಕೂತಿತ್ತು. ಯಾರು ಇಟ್ಟರೆಂದು ಕೇಳಲಿಲ್ಲ. ಬಗ್ಗಿ ಎತ್ತಿಕೊಂಡೆ. ಥರ್ಮಾಕೋಲಿನ ಹಂಸವನ್ನು ಪಕ್ಕಕ್ಕೆ ಸರಿಸಿದೆ, ಪೇಟೆಯ ಮನೆಯನ್ನು ಹಂಸದ ಹಿಂದೆ ಇಟ್ಟೆ, ನಮ್ಮದನ್ನು ನಟ್ಟನಡುವೆ ಇಟ್ಟೆ. ಹೆಂಗಸರೆಲ್ಲ ಇತ್ತ ತಿರುಗಿದರು.

"ಏನ್ ಮಾಡಾಕತ್ತಿ?" ಗೌರಕ್ಕ ಹಲ್ಲುಕಚ್ಚಿ ಕೇಳಿದರು. "ನಾಕ ಮಂದಿ ನೋಡಾಕತ್ತಾರ."

"ನೋಡ್ಲಿ ಅಂತನ ಇಟ್ಟೇನ್ರಿ. ಇದು ಇಲ್ಲೇ ಇರ್ತೈತಿ. ಬ್ಯಾಡ ಅನ್ನಾವ್ರು ಮೊದ್ಲ ಒಳಗ ನೋಡ್ರಿ, ಆಮ್ಯಾಲ ಅನ್ರಿ."

ಬೀಗಿತ್ತಿ, ಸುಮಿಯ ಅತ್ತೆಯಾಗುವವರು, ನಡುವೆ ಬಂದರು. ಜಗಳ ನೋಡಲು ಬಂದರೋ ಮನೆ ನೋಡಲು ಬಂದರೋ, ಮೇಜಿನಾಚೆಗೆ ಹೋಗಿ ಬಾಗಿ ಹಿಂದಿನ ಕಿಟಕಿಗೆ ಕಣ್ಣಿಟ್ಟರು. "ಅಯ್ಯ, ಒಳಗ ಕೌದಿ ಐತಿ! ಗಾಜು ಎಷ್ಟು ಚಂದ ಐತ್ರಿ, ಇಲ್ಲದಂಗ ಐತಿ. ಎಲ್ಲಿಂದ ತಂದ್ರಿ?"

"ನಮ್ಮನಿಯವ್ರ ಎದಿಯೊಳಗಿಂದ್ರಿ" ಎಂದೆ.

ಎಕ್ಸರೇ ವಿಷಯವನ್ನು ಆಮೇಲೆ ಬಿಡಿಸಿ ಹೇಳಿದೆ. ಬೀಗಿತ್ತಿ ಅರಿಷಿಣ ಕುಂಕುಮದ ಬಟ್ಟಲು ತಂದು ಆ ಮನೆಯ ಹೊಸ್ತಿಲಿಗೆ ಬೊಟ್ಟಿಟ್ಟರು. ಗೌರಕ್ಕ ಮೇಜು ಸುತ್ತಿ ಹಿಂದೆ ಹೋಗಿ, ಮಂಡಿ ಹಿಡಿದುಕೊಂಡು ಬಾಗಿದರು. ನಾನು ಮುಂದಿನ ಕಿಟಕಿಗೆ ಬಾಗಿದೆ. ಕತ್ತಲೆಯ ಆಚೆ ಒಂದು ಕಣ್ಣು ಕಂಡಿತು. ಜೇನಿನ ಬಣ್ಣದ್ದೇ. ಒದ್ದೆಯಾಗಿತ್ತು.

"ಒಳಗ ಕತ್ತಲಿ ಐತಲ್ಲ" ಎಂದರು.

"ಕತ್ತಲೀನ ಇರ್ತೈತ್ರಿ. ಹಂಗಂತ ನಿಮ್ಮ ತಮ್ಮನ ಹೇಳ್ತಿದ್ರು."

ಇಷ್ಟಾದ ಮೇಲೂ ಅಕ್ಷತೆಯ ಹೊತ್ತಿಗೆ ಅದೇ ಗೌರಕ್ಕ, "ನೀ ಒಂದೀಟು ಹಿಂದ ನಿಂದ್ರು" ಎಂದರು. ನಾನು ಹಿಂದೆ ನಿಲ್ಲಲಿಲ್ಲ. ಮುಂದೆ ನಿಂತು, ಎರಡೂ ಕೈ ತುಂಬ ಅಕ್ಷತೆ ಹಾಕಿದೆ. ಸುಮಿಯ ಸಂಸಾರ ಚೆನ್ನಾಗಿಯೇ ಇದೆ. ಚೆನ್ನಾಗಿರದಿದ್ದರೂ ಅದಕ್ಕೆ ನನ್ನ ಕೈ ಕಾರಣ ಎಂದು ನಾನು ಒಪ್ಪುತ್ತಿರಲಿಲ್ಲ.

ಆ ಮನೆ ಈಗಲೂ ಮುದ್ದೇಬಿಹಾಳದಲ್ಲಿ ಸುಮಿಯ ಕಪಾಟಿನ ಮೇಲಿದೆ. ಜಾಲಿಯ ಅಂಟು ಬಿಟ್ಟಿಲ್ಲ. ನಾನು ಹೋದಾಗಲೆಲ್ಲ ಕೆಳಗಿಳಿಸಿ, ಧೋತರದ ತುಂಡಿನಿಂದ ಎರಡೂ ಕಿಟಕಿ ಒರೆಸಿ, ಒಂದು ಕಣ್ಣು ಮುಚ್ಚಿ ಬಾಗುತ್ತೇನೆ. ಕೌದಿಯ ಮೂಲೆ ಕಾಣುತ್ತದೆ. ಹಿಂದಿನ ಗಾಜು ಸ್ವಚ್ಛವಾಗಿದೆ, ಅದರಾಚೆ ಸುಮಿಯ ಮನೆಯ ಗೋಡೆ ಕಾಣುತ್ತದೆ, ಗೋಡೆಯ ಮೊಳೆ ಕಾಣುತ್ತದೆ. ಅವರ ಕಣ್ಣು ಕಾಣುವುದಿಲ್ಲ.